ಮೇಲ್ ಐಡಿ ಸರಿಯಾಗೇ ಇದೆ, ಆದ್ರೂ ಫಾರ್ಮ್ ತಗೊಳ್ತಿಲ್ವಾ? ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

"ನೋಡಪ್ಪಾ, ಮೂರು ಸಲ ಹಾಕಿದೆ. ಮೇಲ್ ಐಡಿ ತಪ್ಪು ಅಂತಾನೇ ಹೇಳ್ತಿದೆ. ಹದಿನೈದು ವರ್ಷದಿಂದ ಇದೇ ಐಡಿ ನಂದು!"

ನಿವೃತ್ತ ಮೇಷ್ಟ್ರೊಬ್ಬರ ಫೋನು. ಒಂದು ಕಾರ್ಯಕ್ರಮದ ನೋಂದಣಿ ಫಾರ್ಮ್ ಮಾಡಿದ್ದು ನಾನೇ. ಎಲ್ಲೋ ಚುಕ್ಕಿ ಬಿಟ್ಟಿರ್ತಾರೆ ಅಂತ ಮೊದಲು ಅಂದುಕೊಂಡೆ. ಸ್ಕ್ರೀನ್‌ಶಾಟ್ ತರಿಸಿ ನೋಡಿದರೆ ವಿಳಾಸದಲ್ಲಿ ಒಂದು ಅಕ್ಷರವೂ ತಪ್ಪಿಲ್ಲ. ಅದನ್ನೇ ನೋಡಿಕೊಂಡು ನಾನು ಟೈಪ್ ಮಾಡಿದರೆ ಫಾರ್ಮ್ ಒಪ್ಪುತ್ತದೆ, ಅವರು ಹಾಕಿದರೆ ಇಲ್ಲ. ಕಾರಣ ಏನು ಅಂತ ಕೆಳಗೆ ಬರುತ್ತದೆ.

ಇಮೇಲ್ ವಿಳಾಸ ಅಂದರೆ ಸುಮ್ನೆ ಒಂದು ರೆಜೆಕ್ಸ್ (ಪಠ್ಯ ಹೇಗಿರಬೇಕು ಅಂತ ಹೇಳುವ ಮಾದರಿ ಸೂತ್ರ) ಹಾಕಿದರೆ ಮುಗಿಯಿತು ಅಂತ ಬಹಳ ಜನ ನಂಬಿದ್ದಾರೆ. ಆದರೆ ರೆಜೆಕ್ಸ್‌ಗೆ ಗೊತ್ತಾಗುವುದು ಇದು ವಿಳಾಸದ ಥರ ಕಾಣುತ್ತಾ ಅನ್ನುವುದಷ್ಟೇ. ಆ ವಿಳಾಸದಲ್ಲಿ ಯಾರಾದರೂ ಇದ್ದಾರಾ, ಅದು ಇವರದ್ದೇನಾ ಅಂತ ಗೊತ್ತಾಗಬೇಕಾದರೆ ಅಲ್ಲಿಗೆ ಮೇಲ್ ಹೋಗಿ ಒಳಗಿನ ಲಿಂಕ್ ಒತ್ತಿಸಿಕೊಂಡು ಬರಬೇಕು. ಬೇರೆ ದಾರಿ ಇಲ್ಲ.

## ಕೈ ಹಚ್ಚುವ ಮುನ್ನ

ವಿಳಾಸ ಐದು ಕಡೆ ಹಾದು ಹೋಗುತ್ತದೆ: ಕೀಬೋರ್ಡ್, ಬ್ರೌಸರ್, ಸರ್ವರ್‌ನ ಕೋಡ್, ಡೇಟಾಬೇಸ್, ಮೇಲ್ ಸರ್ವರ್. ತೊಂದರೆ ಹೇಳಿದವರ ಒಂದೇ ಒಂದು ವಿಳಾಸ ಹಿಡಿದು ಈ ಐದೂ ಕಡೆ ಅದು ಹೇಗಿತ್ತು ಅಂತ ನೋಡಿ. ಮೊದಲ ಸಲ ಎಲ್ಲಿ ಬದಲಾಗಿದೆಯೋ ದೋಷ ಅಲ್ಲೇ ಇರುತ್ತದೆ. ಕೋಡ್ ತಿದ್ದೋದು ಆಮೇಲೆ.

ಪರೀಕ್ಷೆಗೆ ಟೆಸ್ಟ್@ಟೆಸ್ಟ್.ಕಾಮ್ ಬಳಸಬೇಡಿ. ಅದು ಬೇರೆ ಯಾರದೋ ನಿಜವಾದ ಡೊಮೈನ್. ಎಕ್ಸಾಂಪಲ್.ಕಾಮ್ ಇರುವುದೇ ಇಂಥ ಕೆಲಸಕ್ಕೆ. ಇಂಟರ್‌ನೆಟ್‌ನ ನಿಯಮ ಬರೆದಿಡುವ ದಾಖಲೆಗೆ ಆರ್‌ಎಫ್‌ಸಿ ಅಂತಾರೆ, 1999ರ ಆರ್‌ಎಫ್‌ಸಿ 2606 ಅದನ್ನು ಕಾದಿರಿಸಿದೆ. ಗ್ರಾಹಕರ ವಿಳಾಸಗಳಿರುವ ಡೇಟಾಬೇಸನ್ನು ಹಾಗೇ ಟೆಸ್ಟ್ ಸರ್ವರ್‌ಗೆ ಎತ್ತಿಕೊಂಡು ಹೋಗಬೇಡಿ. ಒಂದು ಬಟನ್ ಒತ್ತಿದರೆ ಸಾಕು, ಎಲ್ಲರಿಗೂ "ಹಲೋ ಟೆಸ್ಟ್" ಅಂತ ಮೇಲ್ ಹೋಗಿಬಿಡುತ್ತದೆ. ನನಗೆ ಒಮ್ಮೆ ಆಗಿದೆ, ಆ ರಾತ್ರಿ ನಿದ್ದೆ ಬರಲಿಲ್ಲ. ಗ್ರೂಪ್‌ನಲ್ಲೋ ಆನ್‌ಲೈನ್ ರೆಜೆಕ್ಸ್ ಪರೀಕ್ಷಕದಲ್ಲೋ ಹಾಕುವಾಗಲೂ ನಿಜವಾದ ವಿಳಾಸ ಬೇಡ, ಹೆಸರಿನ ಭಾಗ ಬದಲಿಸಿಕೊಳ್ಳಿ.

## ಲಕ್ಷಣ: ಸರಿಯಾದ ವಿಳಾಸವನ್ನೇ "ತಪ್ಪು" ಅನ್ನುತ್ತಿದೆ

ಮೊದಲು ಖಾಲಿ ಜಾಗ ನೋಡಿ. ಮೊಬೈಲ್ ಕೀಬೋರ್ಡ್ ಸಲಹೆ ಕೊಟ್ಟ ವಿಳಾಸವನ್ನು ಒತ್ತಿದರೆ ಹಿಂದೆ ಒಂದು ಸ್ಪೇಸ್ ಸೇರಿಕೊಳ್ಳುವುದು ದಿನಾ ನಡೆಯುವ ಕಥೆ. ಇನ್‌ಪುಟ್‌ನ ಟೈಪ್ "ಇಮೇಲ್" ಆಗಿದ್ದರೆ ಬ್ರೌಸರ್ ಹಿಂದೆ ಮುಂದಿನ ಸ್ಪೇಸನ್ನು ತಾನೇ ತೆಗೆಯುತ್ತದೆ, ಮೊಬೈಲ್‌ನಲ್ಲಿ @ ಇರುವ ಕೀಬೋರ್ಡೂ ಬರುತ್ತದೆ. ಟೈಪ್ "ಟೆಕ್ಸ್ಟ್" ಆಗಿದ್ದರೆ ಇವೆರಡೂ ಇಲ್ಲ. ಒಂದು ಪದ ಬದಲಿಸಿದರೆ ಅರ್ಧ ದೂರು ಕಡಿಮೆಯಾಗುತ್ತದೆ. ಖರ್ಚಿಲ್ಲ, ಮೊದಲು ಅದನ್ನೇ ಮಾಡಿ. ಹಾಗಂತ ಸರ್ವರ್‌ನಲ್ಲಿ ಟ್ರಿಮ್ ಮಾಡುವುದನ್ನು (ಹಿಂದೆ ಮುಂದಿನ ಸ್ಪೇಸ್ ಕತ್ತರಿಸುವುದನ್ನು) ಬಿಡಬೇಡಿ. ಆ್ಯಪ್‌ನಿಂದಲೋ ಎಕ್ಸೆಲ್ ಶೀಟ್‌ನಿಂದಲೋ ಬರುವ ವಿಳಾಸ ಬ್ರೌಸರ್ ಮುಖವನ್ನೇ ನೋಡಿರುವುದಿಲ್ಲ.

ಟ್ರಿಮ್ ಮಾಡಿಯೂ ಹೋಗದಿದ್ದರೆ ಕಣ್ಣಿಗೆ ಕಾಣದ ಅಕ್ಷರದ ಅನುಮಾನ ಪಡಿ. ಮೇಷ್ಟ್ರ ಕಥೆ ಇದೇ.

"ಮೇಷ್ಟ್ರೇ, ಐಡಿ ಟೈಪ್ ಮಾಡಿದ್ರಾ, ಕಾಪಿ ಮಾಡಿದ್ರಾ?" ಅಂತ ಕೇಳಿದೆ.

"ಕಾಪಿ ಮಾಡಿದೆ. ಹಳೇ ಮೆಸೇಜಲ್ಲಿ ಇತ್ತಲ್ಲ."

ಆ ಮೆಸೇಜ್ ತರಿಸಿಕೊಂಡೆ. ಅದರಲ್ಲಿ ಅವರು ತಮ್ಮ ವಿಳಾಸದ ಬೆನ್ನಿಗೇ "ಗೆ ಕಳಿಸಿ" ಅಂತ ಬರೆದಿದ್ದರು. ಕಾಮ್ ಆದ ಮೇಲೆ ಗೆ ಒತ್ತಾಗಿ ಕೂರದಿರಲಿ ಅಂತ ಅಭ್ಯಾಸಬಲದಿಂದ ಮಧ್ಯೆ ಒಂದು ಜೀರೋ ವಿಡ್ತ್ ನಾನ್ ಜಾಯ್ನರ್ ಒತ್ತಿದ್ದರು. ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇದು ಹಳೇ ನೆಂಟ. ಇನ್‌ಬಾಕ್ಸ್, ಸರ್ವರ್‌ಗೆ ಅಂತೆಲ್ಲ ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯುವುದು ಇದೇ. ಕಣ್ಣಿಗೆ ಕಾಣಲ್ಲ, ಅಗಲ ಇಲ್ಲ. ಆದರೆ ಅದು ತನ್ನ ಹಿಂದಿನ ಅಕ್ಷರಕ್ಕೆ ಅಂಟಿಕೊಂಡಿರುತ್ತದೆ. ವಿಳಾಸದ ಕೊನೆಯ ಅಕ್ಷರದವರೆಗೆ ಸೆಲೆಕ್ಟ್ ಮಾಡಿದರೆ ಅದೂ ಜೊತೆಗೆ ಬರುತ್ತದೆ.

ಕಂಡುಹಿಡಿಯುವುದು ಸುಲಭ. ಎಣಿಸಿ. ಮೇಷ್ಟ್ರ ವಿಳಾಸ ಬೆರಳಲ್ಲಿ ಎಣಿಸಿದರೆ 21 ಅಕ್ಷರ. ಕೋಡ್ ಹೇಳಿದ ಉದ್ದ 22. ಯುಟಿಎಫ್-8 (ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಪದ್ಧತಿ) ಬೈಟ್ ಲೆಕ್ಕ ತೆಗೆದರೆ 24. ಒಂದು ಅಕ್ಷರ ಜಾಸ್ತಿ, ಮೂರು ಬೈಟ್ ಜಾಸ್ತಿ. ಹೆಕ್ಸ್‌ನಲ್ಲಿ ತೆರೆದು ನೋಡಿದರೆ ಕೊನೆಯಲ್ಲಿ ಇ2 80 8ಸಿ ಕೂತಿತ್ತು, ಅದೇ ಆ ನಾನ್ ಜಾಯ್ನರ್.

ಇಲ್ಲಿ ಟ್ರಿಮ್ ಅನ್ನು ನಂಬಬೇಡಿ. ಒಂದೊಂದು ಭಾಷೆಯ ಟ್ರಿಮ್ ಒಂದೊಂದು ಥರ. ಪಿಎಚ್‌ಪಿ ಮತ್ತು ಜಾವಾದ ಟ್ರಿಮ್‌ಗೆ ವೆಬ್ ಪುಟಗಳಿಂದ ಅಂಟಿಕೊಂಡು ಬರುವ ನಾನ್-ಬ್ರೇಕಿಂಗ್ ಸ್ಪೇಸ್ ಕೂಡ ಗೊತ್ತಿಲ್ಲ. ಜಾವಾಸ್ಕ್ರಿಪ್ಟ್‌ನದ್ದು ಅದನ್ನು ತೆಗೆಯುತ್ತದೆ, ಆದರೆ ಜೀರೋ ವಿಡ್ತ್ ನಾನ್ ಜಾಯ್ನರನ್ನು ಮುಟ್ಟುವುದಿಲ್ಲ. ಯೂನಿಕೋಡ್ ಸಂಖ್ಯೆಯಲ್ಲಿ ಯು+200ಬಿ, ಯು+200ಸಿ (ಮೇಷ್ಟ್ರ ನಾನ್ ಜಾಯ್ನರ್), ಯು+200ಡಿ, ಯು+00ಎ0 (ನಾನ್-ಬ್ರೇಕಿಂಗ್ ಸ್ಪೇಸ್) ಮತ್ತು ಯು+ಎಫ್‌ಇಎಫ್‌ಎಫ್, ಈ ಐದನ್ನು ನೀವೇ ಹೆಸರು ಹಿಡಿದು ತೆಗೆಯಿರಿ. ಮೊದಲು ಶುಚಿ ಮಾಡಿ, ಆಮೇಲೆ ಪರೀಕ್ಷೆ ಮಾಡಿ. ಈ ಕ್ರಮ ಉಲ್ಟಾ ಆಗಿರುವ ಕೋಡ್ ಎಷ್ಟೋ ನೋಡಿದ್ದೇನೆ.

ಒಂದು ಎಚ್ಚರಿಕೆ: ಇದನ್ನು ಇಮೇಲ್ ಫೀಲ್ಡ್‌ಗೆ ಮಾತ್ರ ಮಾಡಿ. ಉತ್ಸಾಹದಲ್ಲಿ ಇಡೀ ಫಾರ್ಮ್‌ಗೆ ಹಾಕಿದರೆ ಹೆಸರಿನ ಫೀಲ್ಡ್‌ನಲ್ಲಿ ರಾಜ್‌ಕುಮಾರ್ ಹೋಗಿ ರಾಜ್ಕುಮಾರ್ ಆಗುತ್ತಾರೆ. ಆಗ ಇನ್ನೊಂದು ಫೋನು ಬರುತ್ತದೆ.

ವಿಳಾಸ ಶುಚಿಯಾಗಿಯೇ ಇದ್ದರೆ ತಪ್ಪು ರೆಜೆಕ್ಸ್‌ದು. ಎಲ್ಲಿಂದಲೋ ಕಾಪಿ ಮಾಡಿದ ಹಳೇ ರೆಜೆಕ್ಸ್‌ಗಳಲ್ಲಿ ಕೊನೆಯ ಭಾಗ 2ರಿಂದ 4 ಅಕ್ಷರ ಅಂತ ಇರುತ್ತದೆ. ಡಾಟ್ ಇನ್, ಡಾಟ್ ಕಾಮ್, ಡಾಟ್ ಇನ್ಫೋ ಪಾಸಾಗುತ್ತವೆ. ಡಾಟ್ ಆನ್‌ಲೈನ್ ಬಂದರೆ ಮುಗೀತು. ಡಾಟ್ ಫೋಟೋಗ್ರಫಿ ಇಂಗ್ಲಿಷಿನಲ್ಲಿ 11 ಅಕ್ಷರ. ಪ್ಲಸ್ ಚಿಹ್ನೆಯನ್ನು ಬೇಡ ಅನ್ನುವ ರೆಜೆಕ್ಸ್‌ಗಳೂ ಬೇಕಾದಷ್ಟಿವೆ. ರವಿ+ಬ್ಯಾಂಕ್@ಎಕ್ಸಾಂಪಲ್.ಕಾಮ್ ಪೂರ್ತಿ ಸರಿಯಾದ ವಿಳಾಸ. ಹೆಸರಿನಲ್ಲಿ ಒಂಟಿ ಉದ್ಧರಣ ಚಿಹ್ನೆ ಇರುವುದೂ ಸರಿಯೇ. ಅದು ಎಸ್‌ಕ್ಯೂಎಲ್ (ಡೇಟಾಬೇಸ್‌ಗೆ ಕೊಡುವ ಆದೇಶ) ಅನ್ನು ಕೆಡಿಸುತ್ತದೆ ಅಂತ ರೆಜೆಕ್ಸ್‌ನಲ್ಲಿ ತಡೆಯುವವರಿದ್ದಾರೆ. ಹಾಗೆ ಕೆಡುವುದಾದರೆ ನಿಮ್ಮ ಎಸ್‌ಕ್ಯೂಎಲ್ ಬರೆದ ರೀತಿಯೇ ಅಪಾಯದ್ದು. ಪ್ಯಾರಾಮೀಟರ್ ಬಳಸಿ, ಅಂದರೆ ವಿಳಾಸವನ್ನು ಆದೇಶಕ್ಕೆ ಅಂಟಿಸದೆ ಬೇರೆಯಾಗಿ ಕೊಟ್ಟು ಬರೆಯಿರಿ, ವಿಳಾಸದ ತಂಟೆಗೆ ಹೋಗಬೇಡಿ.

ನಾನು ಈಗ ನೋಡುವುದು ಇಷ್ಟೇ. @ ಒಂದಿರಬೇಕು. ಎರಡೂ ಕಡೆ ಏನಾದರೂ ಇರಬೇಕು. ಬಲಗಡೆ ಒಂದು ಚುಕ್ಕಿ ಬೇಕು. ಮಧ್ಯೆ ಸ್ಪೇಸ್, ಹೊಸ ಸಾಲಿನ ಅಕ್ಷರ ಇರಬಾರದು. ಎಡಭಾಗ 64 ಬೈಟ್, ಒಟ್ಟು 254 ದಾಟಬಾರದು. ಉದ್ಧರಣ ಚಿಹ್ನೆಯ ಒಳಗೆ ಸ್ಪೇಸ್ ಇಟ್ಟು ಬರೆಯುವ ವಿಚಿತ್ರ ವಿಳಾಸಗಳನ್ನೂ ಆರ್‌ಎಫ್‌ಸಿ 5322 ಒಪ್ಪುತ್ತದೆ ಅಂತ ಯಾರಾದರೂ ವಾದಕ್ಕೆ ಬರಬಹುದು. ಎಚ್‌ಟಿಎಂಎಲ್ ಗುಣಮಟ್ಟ ಬರೆದವರೇ ಆ ಆರ್‌ಎಫ್‌ಸಿಯನ್ನು ಬೇಕಂತಲೇ ಮೀರಿದ್ದೇವೆ ಅಂತ ಹೇಳಿಕೊಂಡಿದ್ದಾರೆ. ನಾವೂ ಮೀರಬಹುದು. ಅದೇ ಗುಣಮಟ್ಟದ ಮಾದರಿ ಚುಕ್ಕಿ ಇಲ್ಲದ ರವಿ@ಲೋಕಲ್‌ಹೋಸ್ಟ್ ಅನ್ನೂ ಒಪ್ಪುತ್ತದೆ. ಅದಕ್ಕೇ ಚುಕ್ಕಿಯ ಪರೀಕ್ಷೆ ಸರ್ವರ್‌ನಲ್ಲಿ ಬೇರೆ ಬೇಕು.

ಕನ್ನಡ ಅಕ್ಷರದ ವಿಳಾಸಗಳೂ ಬರಬಹುದು. ಡಾಟ್ ಭಾರತ ಕನ್ನಡ ಲಿಪಿಯಲ್ಲೇ ಇದೆ. @ ಆದ ಮೇಲಿನ ಭಾಗದಲ್ಲಿ ಮಾತ್ರ ಕನ್ನಡ ಇದ್ದರೆ ಪ್ಯೂನಿಕೋಡ್‌ಗೆ (ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಬದಲಿ ರೂಪಕ್ಕೆ) ಬದಲಿಸಿಕೊಂಡರೆ ಸಾಕು. ಎಡಭಾಗವೂ ಕನ್ನಡದಲ್ಲಿದ್ದರೆ ದಾರಿಯಲ್ಲಿರುವ ಮೇಲ್ ಸರ್ವರ್‌ಗಳಿಗೆಲ್ಲ ಎಸ್‌ಎಂಟಿಪಿಯುಟಿಎಫ್8 (ಇಂಥ ವಿಳಾಸದ ಮೇಲ್ ಸಾಗಿಸುವ ನಿಯಮ) ಬರಬೇಕು. ಇದರ ಆರ್‌ಎಫ್‌ಸಿ 6531 ಬಂದದ್ದು 2012ರಲ್ಲಿ, ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ಕಲಿತದ್ದು 2015ರಲ್ಲಿ, 3.0 ಆವೃತ್ತಿಯಿಂದ. ಪಿಎಚ್‌ಪಿಯ ಇಮೇಲ್ ಫಿಲ್ಟರ್ ಸುಮ್ನೆ ಬಳಸಿದರೆ ಇಂಥ ವಿಳಾಸ ಬೇಡ ಅನ್ನುತ್ತದೆ, 7.1ರಿಂದ ಇರುವ ಯೂನಿಕೋಡ್ ಫ್ಲ್ಯಾಗ್ ಹಾಕಬೇಕು. ನಿಮ್ಮ ಮೇಲ್ ಸರ್ವರ್‌ಗೆ ಬರದಿದ್ದರೆ ಒಪ್ಪಿಕೊಂಡು ಕೈಕೊಡುವುದಕ್ಕಿಂತ ಫಾರ್ಮ್‌ನಲ್ಲೇ ನೇರವಾಗಿ ಹೇಳಿಬಿಡಿ.

## ಲಕ್ಷಣ: ಹಾಕಿದ್ದು ಒಂದು, ಸೇವ್ ಆದದ್ದು ಇನ್ನೊಂದು

ಪ್ಲಸ್ ಇದ್ದ ಜಾಗದಲ್ಲಿ ಸ್ಪೇಸ್ ಬಂದಿದೆಯಾ? ಯುಆರ್‌ಎಲ್‌ನ ಪ್ರಶ್ನೆಚಿಹ್ನೆಯ ನಂತರದ ಭಾಗದಲ್ಲಿ ಪ್ಲಸ್ ಅಂದರೆ ಸರ್ವರ್‌ಗೆ ಸ್ಪೇಸ್ ಅಂತಲೇ ಅರ್ಥ. ಸಾಮಾನ್ಯವಾಗಿ ಇದು "ನಿಮ್ಮ ವಿಳಾಸ ಖಚಿತಪಡಿಸಿ" ಲಿಂಕ್‌ನಲ್ಲಿ ಆಗುತ್ತದೆ. ವಿಳಾಸವನ್ನು ಲಿಂಕಿಗೆ ಅಂಟಿಸುವಾಗ ಎನ್‌ಕೋಡ್ ಮಾಡಿರುವುದಿಲ್ಲ, ಅಂದರೆ ವಿಶೇಷ ಚಿಹ್ನೆಗಳನ್ನು ಸುರಕ್ಷಿತ ಸಂಕೇತಕ್ಕೆ ಬದಲಿಸಿರುವುದಿಲ್ಲ. ಎನ್‌ಕೋಡ್ ಮಾಡಿ. ಇನ್ನೂ ಒಳ್ಳೆಯದು ಅಂದರೆ ಲಿಂಕ್‌ನಲ್ಲಿ ವಿಳಾಸವನ್ನೇ ಹಾಕದೆ ಟೋಕನ್ (ಊಹಿಸಲಾಗದ ಗುರುತಿನ ಸಂಕೇತ) ಮಾತ್ರ ಹಾಕುವುದು.

ವಿಳಾಸದ ಬಾಲ ತುಂಡಾಗಿದೆಯಾ? ಕಾಲಂ ಅಗಲ ನೋಡಿ. 50 ಅಕ್ಷರ ಸಾಕು ಅಂತ ಯಾರೋ ಎಂದೋ ಇಟ್ಟಿರುತ್ತಾರೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಸ್ಟ್ರಿಕ್ಟ್ ಮೋಡ್‌ನಲ್ಲಿ ಇಲ್ಲದಿದ್ದರೆ ಉಳಿದದ್ದನ್ನು ಕತ್ತರಿಸಿ ಬರೀ ಒಂದು ವಾರ್ನಿಂಗ್ ಕೊಟ್ಟು ಸುಮ್ಮನಾಗುತ್ತದೆ. 5.7ರಿಂದ ಸ್ಟ್ರಿಕ್ಟ್ ಮೋಡ್ ತಾನಾಗೇ ಆನ್ ಇರುತ್ತದೆ, ಆದರೆ ಹಳೇ ಕೋಡ್ ನಡೆಯಲಿ ಅಂತ ಅದನ್ನು ಆಫ್ ಮಾಡಿಟ್ಟ ಸರ್ವರ್‌ಗಳು ಇನ್ನೂ ಇವೆ. ಕಾಲಂ ಬದಲಿಸುವ ಮುನ್ನ ಬ್ಯಾಕಪ್ ತೆಗೆಯಿರಿ. ತುಂಡಾಗಿ ಹೋದ ವಿಳಾಸವನ್ನು ಊಹೆ ಮಾಡಿ ಸರಿಮಾಡಲು ಹೋಗಬೇಡಿ, ಬೇರೆಯವರಿಗೆ ಮೇಲ್ ಹೋಗುತ್ತದೆ.

## ಲಕ್ಷಣ: ಒಬ್ಬರಿಗೇ ಎರಡು ಖಾತೆ, ಲಾಗಿನ್‌ನಲ್ಲಿ ಗೊಂದಲ

ಮೊಬೈಲ್ ಕೀಬೋರ್ಡ್ ಮೊದಲ ಅಕ್ಷರವನ್ನು ದೊಡ್ಡದು ಮಾಡಿರುತ್ತದೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ದೊಡ್ಡಕ್ಷರ ಬೇರೆ, ಚಿಕ್ಕಕ್ಷರ ಬೇರೆ. ಎರಡು ಖಾತೆ ಹುಟ್ಟಿಕೊಳ್ಳುತ್ತವೆ. ಮೈಎಸ್‌ಕ್ಯೂಎಲ್‌ನಲ್ಲಿ ಸಾಮಾನ್ಯವಾಗಿ ಬಳಸುವ ಕೊಲೇಷನ್‌ಗಳು (ಅಕ್ಷರ ಹೋಲಿಸುವ ನಿಯಮಗಳು) ಎರಡನ್ನೂ ಒಂದೇ ಅನ್ನುತ್ತವೆ, ಹಾಗಾಗಿ ಅಲ್ಲಿ ಈ ದೂರು ಬರುವುದಿಲ್ಲ. ನಿಯಮದ ಪ್ರಕಾರ @ಗಿಂತ ಮೊದಲಿನ ಭಾಗದಲ್ಲಿ ದೊಡ್ಡದು ಚಿಕ್ಕದು ಬೇರೆ ಆಗಿರಬಹುದು. ನಡೆಯುವ ಲೋಕದಲ್ಲಿ ಹಾಗೆ ನೋಡುವ ಸರ್ವರ್ ಸಿಗುವುದು ಅಪರೂಪ. ಅವರು ಹಾಕಿದ್ದನ್ನು ಹಾಗೇ ಒಂದು ಕಾಲಂನಲ್ಲಿ ಇಡಿ. ಹೋಲಿಸಲು ಚಿಕ್ಕಕ್ಷರದ ರೂಪ ಇನ್ನೊಂದರಲ್ಲಿರಲಿ, ಒಂದೇ ವಿಳಾಸ ಎರಡು ಸಲ ಬರದಂತೆ ತಡೆಯುವ ಯೂನೀಕ್ ಇಂಡೆಕ್ಸ್ ಅದರ ಮೇಲೆ ಹಾಕಿ.

ಜೀಮೇಲ್ ಚುಕ್ಕಿಗಳನ್ನು ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ ಅಂತ ಎಲ್ಲ ವಿಳಾಸದ ಚುಕ್ಕಿಯನ್ನೂ ತೆಗೆಯುವವರಿದ್ದಾರೆ. ದಯವಿಟ್ಟು ಬೇಡ. ಬೇರೆ ಎಷ್ಟೋ ಕಡೆ ರವಿ.ಕೆ ಬೇರೆ ಮನುಷ್ಯ, ರವಿಕೆ ಬೇರೆ.

ದೊಡ್ಡಕ್ಷರ ಚಿಕ್ಕಕ್ಷರ ಹೋಲಿಸುವುದರಲ್ಲೇ ಒಂದು ಭದ್ರತೆಯ ಕಿಂಡಿ ಇದೆ. 2019ರ ಡಿಸೆಂಬರಿನಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಚೌಕಟ್ಟು ಜಾಂಗೊ ಇದಕ್ಕಾಗಿಯೇ ತುರ್ತು ತಿದ್ದುಪಡಿ ಬಿಟ್ಟಿತು. ತುರ್ಕಿ ಭಾಷೆಯ ಚುಕ್ಕಿಯಿಲ್ಲದ ಐ ನಂಥ ಅಕ್ಷರ ಹಾಕಿ ಪಾಸ್‌ವರ್ಡ್ ರೀಸೆಟ್ ಕೇಳಿದರೆ, ದೊಡ್ಡದು ಚಿಕ್ಕದು ಒಂದೇ ಅಂತ ಹೋಲಿಸುವಾಗ ಬೇರೆಯವರ ಖಾತೆಗೆ ತಾಳೆಯಾಗುತ್ತಿತ್ತು. ಮೇಲ್ ಮಾತ್ರ ಕೇಳಿದವರು ಹಾಕಿದ ವಿಳಾಸಕ್ಕೆ ಹೋಗುತ್ತಿತ್ತು. ನಿಮ್ಮ ಕೋಡ್ ತೆರೆದು ನೋಡಿ: ರೀಸೆಟ್ ಮೇಲ್ ಹೋಗುತ್ತಿರುವುದು ಫಾರ್ಮ್‌ನಲ್ಲಿ ಬಂದ ವಿಳಾಸಕ್ಕಾ, ಡೇಟಾಬೇಸ್‌ನಲ್ಲಿರುವ ವಿಳಾಸಕ್ಕಾ? ಎರಡನೆಯದೇ ಆಗಿರಬೇಕು.

## ಲಕ್ಷಣ: "ಕಳಿಸಲಾಗಿದೆ" ಅಂತ ಲಾಗ್ ಹೇಳುತ್ತದೆ, ಮೇಲ್ ಮಾತ್ರ ಬಂದಿಲ್ಲ

ಸ್ಪ್ಯಾಮ್ ಫೋಲ್ಡರ್ ನೋಡಿ ಅಂತ ಮೊದಲು ಕೇಳಿ. ಆಮೇಲೆ @ ನಂತರದ ಭಾಗವನ್ನು ನಿಧಾನಕ್ಕೆ ಓದಿ. ಜಿಮೇಲ್‌ನ ಕಾಗುಣಿತದಲ್ಲಿ ಎರಡಕ್ಷರ ಅದಲುಬದಲು, ಡಾಟ್ ಕಾಮ್ ಬದಲು ಡಾಟ್ ಕೋ, ಇವೇ ಜಾಸ್ತಿ. ಫಾರ್ಮ್‌ನಲ್ಲಿ "ಜಿಮೇಲ್.ಕಾಮ್ ಅಂತಾನಾ?" ಅಂತ ಕೇಳುವ ಸಾಲು ಹಾಕಬಹುದು. ಕೇಳಬೇಕು ಅಷ್ಟೇ, ತಾನಾಗೇ ತಿದ್ದಬಾರದು.

ಡೊಮೈನ್ ಇದೆಯಾ ಅಂತ ನೋಡಲು ಡಿಗ್ ಅಥವಾ ಎನ್‌ಎಸ್‌ಲುಕಪ್‌ನಲ್ಲಿ ಎಂಎಕ್ಸ್ ದಾಖಲೆ (ಆ ಡೊಮೈನ್‌ನ ಮೇಲ್ ಯಾವ ಸರ್ವರ್‌ಗೆ ಹೋಗಬೇಕು ಅನ್ನುವುದು) ಕೇಳಿ. ಎಂಎಕ್ಸ್ ಇಲ್ಲ ಅಂದ ಮಾತ್ರಕ್ಕೆ ತಿರಸ್ಕರಿಸಬೇಡಿ. ಆಗ ಮೇಲ್ ನೇರ ಆ ಡೊಮೈನ್‌ನ ಎ ದಾಖಲೆಯಲ್ಲಿರುವ (ಐಪಿ ವಿಳಾಸದ) ಸರ್ವರ್‌ಗೆ ಹೋಗಬಹುದು. ಎಂಎಕ್ಸ್‌ನಲ್ಲಿ ಬರೀ ಒಂದು ಚುಕ್ಕಿ ಇದ್ದರೆ ಮಾತ್ರ ಆ ಡೊಮೈನ್ ಮೇಲ್ ತಗೊಳ್ಳುವುದೇ ಇಲ್ಲ ಅಂತ ಖಚಿತ.

ಈಗ ಲಾಗ್ ತೆರೆಯಿರಿ. ಮೇಲ್ ಸರ್ವರ್‌ನ ಉತ್ತರ 250 ಅಂದರೆ ಮುಂದಿನ ಸರ್ವರ್ ಕೈಗೆ ತಗೊಂಡಿತು ಅಂತ ಅಷ್ಟೇ, ಇನ್‌ಬಾಕ್ಸ್ ಸೇರಿತು ಅಂತಲ್ಲ. 4ರಿಂದ ಶುರುವಾಗುವ ಸಂಖ್ಯೆ ಬಂದರೆ ತಾತ್ಕಾಲಿಕ. 450 ಅಥವಾ 451 ಕಂಡರೆ ಹೊಸಬರನ್ನು ಒಮ್ಮೆ ವಾಪಸ್ ಕಳಿಸಿ ನೋಡುವ ಗ್ರೇಲಿಸ್ಟಿಂಗ್ ಇರಬಹುದು. ಕಾಯಿರಿ, ಸರ್ವರ್ ತಾನೇ ಮತ್ತೆ ಪ್ರಯತ್ನಿಸುತ್ತದೆ. ಪೋಸ್ಟ್‌ಫಿಕ್ಸ್ ಹೀಗೆ 5 ದಿನ ಇಟ್ಟುಕೊಂಡಿರುತ್ತದೆ. 5ರಿಂದ ಶುರುವಾದರೆ ಅಲ್ಲಿಗೇ ನಿಲ್ಲಿಸಿ. 550ರ ಜೊತೆ 5.1.1 ಅಂದರೆ ಅಂಥ ಬಳಕೆದಾರರಿಲ್ಲ. 5.2.2 ಅಂದರೆ ಪೆಟ್ಟಿಗೆ ತುಂಬಿದೆ. 5.7ರ ಸಾಲು ಬಂದರೆ ವಿಳಾಸದ್ದಲ್ಲ, ನಿಮ್ಮ ಮೇಲೇ ಅವರಿಗೆ ನಂಬಿಕೆ ಇಲ್ಲ. ಇಂಥ ವಿಳಾಸಕ್ಕೆ ಮತ್ತೆ ಮತ್ತೆ ಕಳಿಸಿದರೆ ನಿಮ್ಮ ಸರ್ವರ್ ಹೆಸರು ಇನ್ನಷ್ಟು ಕೆಡುತ್ತದೆ.

5.7 ಬಂದರೆ, ಮೇಲ್ ನಿಜಕ್ಕೂ ನಿಮ್ಮ ಡೊಮೈನ್‌ನದ್ದೇ ಅಂತ ತೋರಿಸುವ ವ್ಯವಸ್ಥೆಗಳಾದ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರನ್ನೂ ನೋಡಿ. 2024ರ ಫೆಬ್ರವರಿಯಿಂದ ಜಿಮೇಲ್‌ಗೆ ಕಳಿಸುವವರಿಗೆಲ್ಲ ಮೊದಲೆರಡರಲ್ಲಿ ಒಂದಾದರೂ ಬೇಕು. ದಿನಕ್ಕೆ 5,000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೂರೂ ಬೇಕು.

"ಸಂಪರ್ಕಿಸಿ" ಫಾರ್ಮ್‌ನಿಂದ ಕೆಲವರ ಮೇಲ್ ಮಾತ್ರ ಬರುತ್ತಿಲ್ಲವಾ? ಬಹುಶಃ ನಿಮ್ಮ ಕೋಡ್ ಅವರ ವಿಳಾಸವನ್ನೇ ಫ್ರಮ್ ಜಾಗದಲ್ಲಿ ಹಾಕುತ್ತಿದೆ. ಯಾಹೂ ವಿಳಾಸದಿಂದ ಯಾಹೂ ಅಲ್ಲದ ಸರ್ವರ್ ಮೇಲ್ ಕಳಿಸಿದರೆ ತಿರಸ್ಕರಿಸಿ ಅಂತ ಯಾಹೂ 2014ರಲ್ಲೇ ಡಿಮಾರ್ಕ್‌ನಲ್ಲಿ ಹೇಳಿದೆ. ಫ್ರಮ್‌ನಲ್ಲಿ ನಿಮ್ಮ ಡೊಮೈನ್ ಹಾಕಿ, ಅವರ ವಿಳಾಸ ರಿಪ್ಲೈ-ಟುನಲ್ಲಿರಲಿ. ಐದು ನಿಮಿಷದ ಕೆಲಸ.

ಮೇಲ್ ಕಳಿಸದೇ, ಆ ಸರ್ವರ್‌ಗೆ ಸುಮ್ನೆ ಕನೆಕ್ಟ್ ಆಗಿ "ಇವರು ಇದ್ದಾರಾ?" ಅಂತ ಕೇಳಿ ಬರುವ ತಂತ್ರವನ್ನು ಯಾರಾದರೂ ಹೇಳಿಕೊಡಬಹುದು. ನಾನು ಮಾಡಲ್ಲ. ಕೆಲವು ಸರ್ವರ್‌ಗಳು ಯಾರ ಹೆಸರು ಹೇಳಿದರೂ ಹೂಂ ಅನ್ನುತ್ತವೆ, ಕೆಲವು ನಿಮ್ಮನ್ನೇ ಸ್ಪ್ಯಾಮರ್ ಅಂತ ಬರೆದಿಟ್ಟುಕೊಳ್ಳುತ್ತವೆ.

## ಲಕ್ಷಣ: ಲಿಂಕ್ ಮೊದಲ ಸಲ ಒತ್ತಿದರೂ "ಈಗಾಗಲೇ ಬಳಸಲಾಗಿದೆ"

ಕಂಪನಿ ವಿಳಾಸದವರಿಗೆ ಮಾತ್ರ ಹೀಗಾಗುತ್ತಿದ್ದರೆ ಅನುಮಾನವೇ ಬೇಡ. ಅವರ ಮೇಲ್ ಭದ್ರತೆಯ ಸ್ಕ್ಯಾನರ್ ಅವರಿಗಿಂತ ಮೊದಲೇ ಲಿಂಕ್ ತೆರೆದು ನೋಡಿದೆ. ನಿಮ್ಮ ಒಂದೇ ಸಲದ ಟೋಕನ್ ಅಲ್ಲೇ ಖರ್ಚಾಗಿದೆ. ಆ್ಯಕ್ಸೆಸ್ ಲಾಗ್‌ನಲ್ಲಿ ಮೇಲ್ ಹೋದ ಕೆಲವೇ ಕ್ಷಣದಲ್ಲಿ ಅಪರಿಚಿತ ಐಪಿಯ ಭೇಟಿ ಕಾಣುತ್ತದೆ. ಲಿಂಕ್ ತೆರೆದಾಗ ಒಂದು ಬಟನ್ ಮಾತ್ರ ತೋರಿಸಿ. ಅದನ್ನು ಒತ್ತಿ ಪೋಸ್ಟ್ (ಫಾರ್ಮ್ ಸಲ್ಲಿಸುವ ಕೋರಿಕೆ) ಬಂದಾಗ ಟೋಕನ್ ಬಳಸಿ.

## ಲಕ್ಷಣ: ಒಂದು ವಿಳಾಸ ಬಂದರೆ ಸರ್ವರ್ ಏದುಸಿರು ಬಿಡುತ್ತದೆ

ಸಿಪಿಯು 100ಕ್ಕೆ ಹೋಗಿ ಅಲ್ಲೇ ನಿಂತರೆ ರೆಜೆಕ್ಸ್ ನೋಡಿ. ಗುಂಪಿನೊಳಗೆ ಪ್ಲಸ್, ಹೊರಗೆ ಮತ್ತೆ ಪ್ಲಸ್ ಅಥವಾ ನಕ್ಷತ್ರ ಇದ್ದರೆ, ತಾಳೆಯಾಗದ ಉದ್ದನೆಯ ಪಠ್ಯ ಬಂದಾಗ ರೆಜೆಕ್ಸ್ ಹಿಂದೆ ಮುಂದೆ ಅಲೆದು ಸುಸ್ತಾಗುತ್ತದೆ.

ಅಷ್ಟು ಜಟಿಲವೇ ಇರಬೇಕಂತಿಲ್ಲ. 2016ರ ಜುಲೈ 20ರಂದು ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ 34 ನಿಮಿಷ ನಿಂತುಹೋಗಿದ್ದು ಬರೀ ಟ್ರಿಮ್ ಮಾಡುವ ರೆಜೆಕ್ಸ್‌ನಿಂದ. ಒಂದು ಪೋಸ್ಟ್‌ನ ಸಾಲಿನಲ್ಲಿ ಸುಮಾರು 20,000 ಖಾಲಿ ಅಕ್ಷರ ಸತತವಾಗಿದ್ದವು. ಆ ರೆಜೆಕ್ಸ್ ಸ್ಪೇಸ್‌ಗಳ ಜೊತೆಗೆ ಹುಡುಕುತ್ತಿದ್ದ ಇನ್ನೊಂದು ಅಕ್ಷರ ಯಾವುದು ಗೊತ್ತಾ? ಯು+200ಸಿ. ನಮ್ಮ ಮೇಷ್ಟ್ರ ಅಕ್ಷರವೇ! ಹಾಗಾಗಿ ಮೊದಲು ಉದ್ದ ಅಳೆಯಿರಿ. ಸಾವಿರ ಅಕ್ಷರ ದಾಟಿದ್ದನ್ನು ಮುಟ್ಟದೆ ವಾಪಸ್ ಕಳಿಸಿ. ಕಾಣದ ಅಕ್ಷರ ತೆಗೆಯಲು ರೆಜೆಕ್ಸ್ ಬೇಡ, ಸಾದಾ ರಿಪ್ಲೇಸ್ ಸಾಕು.

## ಲಕ್ಷಣ: ನೀವು ಕಳಿಸದ ಮೇಲ್ ನಿಮ್ಮ ಹೆಸರಲ್ಲಿ ಹೋಗುತ್ತಿದೆ

ಇಲ್ಲಿ ಪರೀಕ್ಷೆ ಮಾಡುತ್ತಾ ಕೂರಬೇಡಿ. ಮೊದಲು ಫಾರ್ಮ್ ಬಂದ್ ಮಾಡಿ, ಕ್ಯೂನಲ್ಲಿರುವ ಮೇಲ್ ತಡೆಹಿಡಿಯಿರಿ. ಲಾಗ್ ಅಳಿಸಬೇಡಿ, ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ.

ಕಾರಣ ಹೆಚ್ಚಾಗಿ ಎರಡರಲ್ಲಿ ಒಂದು. ಮೊದಲನೆಯದು, ಇಮೇಲ್ ಫೀಲ್ಡ್‌ನಲ್ಲಿ ಹೊಸ ಸಾಲಿನ ಅಕ್ಷರ ಸೇರಿಸಿ ಅದರ ಕೆಳಗೆ ಬಿಸಿಸಿ (ಗುಟ್ಟಾಗಿ ಪ್ರತಿ ಪಡೆಯುವವರ) ಸಾಲು ತುರುಕಿರುವುದು. ನೀವು ವಿಳಾಸವನ್ನು ಹಾಗೇ ಹೆಡರ್‌ಗೆ ಅಂಟಿಸಿದ್ದರೆ ಒಂದು ಮೇಲ್ ಸಾವಿರ ಜನಕ್ಕೆ ಹೋಗುತ್ತದೆ. ಎರಡನೆಯದು, ಬೇರೆಯವರ ವಿಳಾಸ ಹಾಕಿ ನಿಮ್ಮ "ಖಚಿತಪಡಿಸಿ" ಮೇಲ್‌ಗಳನ್ನು ಅವರ ಮೇಲೆ ಸುರಿಸುವುದು. ಒಂದು ವಿಳಾಸಕ್ಕೆ ಗಂಟೆಗೆ ಎಷ್ಟು, ಒಂದು ಐಪಿಗೆ ಎಷ್ಟು ಅಂತ ಮಿತಿ ಇಲ್ಲದಿದ್ದರೆ ಇಂದಲ್ಲ ನಾಳೆ ಇದು ಆಗಿಯೇ ಆಗುತ್ತದೆ.

ಮೇಲ್ ಪಾಸ್‌ವರ್ಡೋ ಎಪಿಐ ಕೀಯೋ ಸೋರಿರುವ ಅನುಮಾನ ಇದ್ದರೆ ಅದು ಒಬ್ಬರೇ ಕೂತು ಬಗೆಹರಿಸುವ ಕೆಲಸ ಅಲ್ಲ. ಕೀ ಬದಲಿಸಿ, ಹೋಸ್ಟಿಂಗ್‌ನವರಿಗೆ ಫೋನ್ ಮಾಡಿ. ಭಾರತದಲ್ಲಿರುವ ಸಂಸ್ಥೆಯಾದರೆ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಸೈಬರ್ ಭದ್ರತೆಯ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕು ಅಂತ 2022ರ ಏಪ್ರಿಲ್‌ನ ನಿರ್ದೇಶನ ಇದೆ. ಸಹಾಯ ಕೇಳುವಾಗ "ಮೇಲ್ ಹೋಗ್ತಿಲ್ಲ ಸರ್" ಅಂತ ಮಾತ್ರ ಬರೆದರೆ ಅವರು ಇನ್ನೂ ನಾಲ್ಕು ಪ್ರಶ್ನೆ ಕೇಳಿ ಅರ್ಧ ದಿನ ಕಳೆಯುತ್ತಾರೆ. ಮೊದಲ ಸಲವೇ ಮೇಲ್‌ನ ಮೆಸೇಜ್ ಐಡಿ, ಕಳಿಸಿದ ಸಮಯ, ಆ ಸಮಯ ಭಾರತದ್ದೋ ಯುಟಿಸಿಯೋ, ಮತ್ತು ಸರ್ವರ್ ಕೊಟ್ಟ ಪೂರ್ತಿ ಉತ್ತರದ ಸಾಲನ್ನು ಒಂದಕ್ಷರ ಬಿಡದೆ ಕಳಿಸಿ.